ಆರನೇ ತಿಂಗಳ ಖಾನೆ ಖಾಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಪೌರಕಾರ್ಮಿಕರಿಗೂ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಗೂ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆ ಹಾಕಿದ ಶಿಬಿರದ ಫೋಟೊ. ಕುರ್ಚಿಯಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ತೋಳು ಮುಂದೆ ಮಾಡಿ ಮುಖ ಆ ಕಡೆ ತಿರುಗಿಸಿದ್ದಾಳೆ. ಸೂಜಿ ಸರಿಯಾಗಿ ಭುಜದ ಸ್ನಾಯುವಿಗೇ ಹೋಗುತ್ತಿದೆ. ನೋಡಿ ಖುಷಿಯಾಯಿತು. 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಇಂಥ ಫೋಟೊದಲ್ಲಿ ನನ್ನ ಕಣ್ಣು ಮೊದಲು ಹೋಗುವುದೇ ಸೂಜಿ ಎಲ್ಲಿ ಚುಚ್ಚಿದ್ದಾರೆ ಅನ್ನುವ ಕಡೆಗೆ.

ಸುದ್ದಿಯನ್ನು ಎರಡು ಸಲ ಓದಿದೆ. ಎಷ್ಟು ಜನಕ್ಕೆ ಲಸಿಕೆ ಹಾಕಿದರು ಅಂತ ಇತ್ತು. ವೇದಿಕೆಯಲ್ಲಿ ಯಾರ್ಯಾರು ಇದ್ದರು ಅಂತ ಇತ್ತು. ಎರಡನೇ ಡೋಸ್ ಯಾವತ್ತು, ಮೂರನೆಯದು ಯಾವತ್ತು ಅಂತ ಮಾತ್ರ ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಕಡೆ ಕಾಮಾಲೆ ಅಂದರೆ ಎಲ್ಲವೂ ಒಂದೇ. ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಕುಡಿಸುತ್ತಾರೆ, ಪಥ್ಯ ಹೇಳುತ್ತಾರೆ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬೇರೆ. ಹೆಚ್ಚಿನವರಲ್ಲಿ ಅವು ತಾವಾಗಿಯೇ ವಾಸಿಯಾಗುತ್ತವೆ. ಬಿ ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ರಕ್ತದ ಹನಿ ಒಣಗಿ ಕಣ್ಣಿಗೆ ಕಾಣದೆ ಹೋದರೂ ಈ ವೈರಸ್ ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಲಸಿಕೆ ಆಗದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ನೂರರಲ್ಲಿ 6ರಿಂದ 30 ಜನರಿಗೆ ಸೋಂಕು ತಗಲಬಹುದು. ಎಚ್‌ಐವಿಯಲ್ಲಿ ಈ ಲೆಕ್ಕ ಸಾವಿರಕ್ಕೆ ಸುಮಾರು ಮೂರು. ಆದರೆ ವಾರ್ಡಿನಲ್ಲಿ ಜನ ಹೆದರುವುದು ಎಚ್‌ಐವಿಗೇ ಜಾಸ್ತಿ.

ನಾನು ಕೆಲಸಕ್ಕೆ ಸೇರಿದ್ದು 1989ರಲ್ಲಿ. ಆಗ ಗಾಜಿನ ಸಿರಿಂಜು. ಬೆಳಿಗ್ಗೆ ಸ್ಟೆರಿಲೈಸರ್‌ನಲ್ಲಿ ಕುದಿಸಿ ಇಕ್ಕಳದಲ್ಲಿ ಎತ್ತಿ ಜೋಡಿಸುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಆ ಕೆಲಸ ನನಗೆ ಕಲಿಸಿದ ಹಿರಿಯ ಸಿಸ್ಟರ್‌ಗೆ ಬೆರಳು ಎಷ್ಟು ಸಲ ಚುಚ್ಚಿಸಿಕೊಂಡಿದ್ದೇನೆ ಅನ್ನುವ ಲೆಕ್ಕವೇ ಇರಲಿಲ್ಲ. ದೊಡ್ಡವರಿಗೆ ಈ ಸೋಂಕು ತಗಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ಮೈಯಲ್ಲಿ ಉಳಿದುಬಿಡುತ್ತದೆ. ಹಾಗೆ ಉಳಿದವರಲ್ಲಿ ಅವರೂ ಒಬ್ಬರು. ಪಿತ್ತಕೋಶ, ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದರು. ಲಿವರ್ ಪೂರಾ ಗಟ್ಟಿಯಾಗಿದೆ ಅಂತ ಗೊತ್ತಾಗುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ.

ಆಗ ಲಸಿಕೆ ಇರಲಿಲ್ಲ ಅಂತಲ್ಲ. ವಿದೇಶದಿಂದ ಬರುತ್ತಿತ್ತು, ನಮ್ಮ ಕೈಗೆಟುಕುವ ಬೆಲೆ ಆಗಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನವರು ನಮ್ಮ ದೇಶದಲ್ಲೇ ಲಸಿಕೆ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಊರೂರಲ್ಲಿ ಶಿಬಿರ ಶುರುವಾಯಿತು. ನಾನು ಮೂರು ಡೋಸ್ ಹಾಕಿಸಿಕೊಂಡದ್ದು 1999ರಲ್ಲಿ, ನನ್ನ ದುಡ್ಡಿನಲ್ಲೇ. ನಮ್ಮ ರಾಜ್ಯದಲ್ಲಿ ಸರ್ಕಾರದ ಮಕ್ಕಳ ಲಸಿಕೆಗೆ ಇದು ಸೇರಿದ್ದು 2007-08ರ ಹೊತ್ತಿಗೆ. ದೇಶಕ್ಕೆಲ್ಲ ಬಂದದ್ದು 2011-12ರಲ್ಲಿ. ಈಗ ಹುಟ್ಟುವ ಮಗುವಿಗೆ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14ನೇ ವಾರಕ್ಕೆ ಒಂದೊಂದು. ಈ ಕೆಲಸವನ್ನು ನಮ್ಮ ಆಶಾ ಕಾರ್ಯಕರ್ತೆಯರೂ ಎಎನ್‌ಎಂಗಳೂ ತಾಯಿ ಕಾರ್ಡಿನಲ್ಲಿ ಬರೆದುಕೊಂಡು ಅಚ್ಚುಕಟ್ಟಾಗಿ ಮಾಡುತ್ತಾರೆ. ಆದರೆ ಅದಕ್ಕೆ ಮುಂಚೆ ಹುಟ್ಟಿದವರ ಕತೆ ಏನು? ಇವತ್ತು ಆಸ್ಪತ್ರೆಯ ಕಸ ಎತ್ತುವವರು, ರಕ್ತ ತೆಗೆಯುವವರು, ಡಯಾಲಿಸಿಸ್‌ಗೆ ಬರುವವರು ಹೆಚ್ಚುಕಡಿಮೆ ಎಲ್ಲರೂ ಅದಕ್ಕೆ ಮುಂಚೆ ಹುಟ್ಟಿದವರೇ. ಅವರಿಗೆ ತಾಯಿ ಕಾರ್ಡೂ ಇಲ್ಲ, ನೆನಪಿಸುವ ಆಶಾನೂ ಇಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಹೆಸರು ಬರೆಯುವುದಿಲ್ಲ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಗುತ್ತಿಗೆ ಮೇಲಿದ್ದ ಸ್ವಚ್ಛತಾ ಕೆಲಸದವರು. 2017ರ ಫೆಬ್ರವರಿ, ಬೆಳಿಗ್ಗೆ ಆರೂವರೆ ಇರಬೇಕು. ಯಾರೋ ಬಳಸಿದ ಸೂಜಿಯನ್ನು ಬಿಳಿ ಡಬ್ಬಿಗೆ ಹಾಕದೆ ಊಟದ ಎಲೆ, ಟೀ ಲೋಟ ಇದ್ದ ಚೀಲಕ್ಕೆ ಹಾಕಿದ್ದರು. ಅಕ್ಕ ಚೀಲದ ಬಾಯಿ ಕಟ್ಟಲು ಒತ್ತಿದಾಗ ಅಂಗೈಗೆ ಚುಚ್ಚಿತು. ಅವರು ಅದನ್ನು ಯಾರಿಗೂ ಹೇಳದೆ ಸೀರೆ ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದ್ದರು. ಗ್ಲೌಸ್ ಒಳಗೆ ಕೆಂಪಗಾಗಿದ್ದನ್ನು ನಾನು ನೋಡಿದ್ದರಿಂದ ಗೊತ್ತಾಯಿತು. ನಲ್ಲಿ ಕೆಳಗೆ ಸೋಪು ಹಾಕಿ ತೊಳೆಸಿದೆ. ಅವರು ರಕ್ತ ಹಿಂಡಿ ತೆಗೆಯಲು ನೋಡುತ್ತಿದ್ದರು, ಹಿಂಡಬಾರದು ಅಂತ ತಡೆದೆ.

ಆ ಚೀಲ ಬಂದ ಕೋಣೆಯಲ್ಲಿ ಇದ್ದವರು ಇಬ್ಬರೇ ರೋಗಿಗಳು. ಒಬ್ಬರ ಕೇಸ್ ಶೀಟಿನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂತ ಕೆಂಪು ಇಂಕಿನಲ್ಲಿ ಬರೆದಿತ್ತು. ಅಂದರೆ ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಇದೆ ಅಂತ.

"ಅಕ್ಕ, ಲಸಿಕೆ ಆಗಿದೆಯಾ?" ಅಂತ ಕೇಳಿದೆ. "ಆಗಿದೆ ಸಿಸ್ಟರ್, ಶಿಬಿರದಲ್ಲಿ ಹಾಕಿದಾರಲ್ಲ" ಅಂದರು. ಬ್ಲೌಸಿನೊಳಗಿಂದ ಪುಟ್ಟ ಪರ್ಸ್ ತೆಗೆದು ಕಾರ್ಡ್ ತೋರಿಸಿದರು. ನಾಲ್ಕು ಮಡಿಕೆ ಮಾಡಿದ ಹಳದಿ ಕಾರ್ಡ್. ಮೂರು ಖಾನೆ. ಮೊದಲ ಖಾನೆಯಲ್ಲಿ 2016ರ ಅಕ್ಟೋಬರ್ ತಿಂಗಳ ಒಂದು ದಿನಾಂಕ, ಸಹಿ. ಎರಡು, ಮೂರು ಖಾಲಿ. ಅಕ್ಕನಿಗೆ ಅಕ್ಷರ ಬರುವುದಿಲ್ಲ. ಲಸಿಕೆ ಅಂದರೆ ಒಂದೇ ಸೂಜಿ, ಅದು ಮುಗಿದಿದೆ ಅಂತ ಅವರು ತಿಳಿದುಕೊಂಡಿದ್ದರು. ಹಾಗಲ್ಲ ಅಂತ ಯಾರೂ ಹೇಳಿರಲಿಲ್ಲ. ನಾನು ಆ ಆಸ್ಪತ್ರೆಗೆ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಸೋಂಕು ನಿಯಂತ್ರಣದ ಜವಾಬ್ದಾರಿ ನನ್ನದೇ ಆಗಿತ್ತು. ಬಂದ ದಿನವೇ ಈ ಕಾರ್ಡುಗಳನ್ನು ಕೇಳಬೇಕಿತ್ತು. ಕೇಳಿರಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಇಂಥ ಹೊತ್ತಿನಲ್ಲಿ ಬೇಕಾದದ್ದು ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್. ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನೇ ಸಿದ್ಧವಾಗಿ ಮೈಗೆ ಕೊಡುವ ಇಂಜೆಕ್ಷನ್ ಅದು. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಏಳು ದಿನ ದಾಟಿದ ಮೇಲೆ ಪ್ರಯೋಜನ ಅನುಮಾನ. ನಮ್ಮಲ್ಲಿ ಇರಲಿಲ್ಲ. ಲಸಿಕೆಯ ಹಾಗೆ ಅಗ್ಗದ ಔಷಧಿಯಲ್ಲ ಅದು, ಸಾವಿರಗಳ ಲೆಕ್ಕ. ಡಾಕ್ಟರು ಶಿವಮೊಗ್ಗಕ್ಕೆ ಫೋನ್ ಮಾಡಿದರು. ಮಧ್ಯಾಹ್ನದ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಐಸ್ ನೇರ ತಾಗದ ಹಾಗೆ ಪೇಪರ್ ಸುತ್ತಿದ ಥರ್ಮೊಕೋಲ್ ಡಬ್ಬಿ. ಬಸ್ ಸ್ಟ್ಯಾಂಡಿನಲ್ಲಿ ನಾನೇ ಹೋಗಿ ಇಳಿಸಿಕೊಂಡೆ. ಅಕ್ಕನ ತೂಕ 48 ಕೆ.ಜಿ. ಕೆ.ಜಿ.ಗೆ 0.06 ಎಂಎಲ್ ಲೆಕ್ಕದಲ್ಲಿ ಹತ್ತಿರಹತ್ತಿರ 2.9 ಎಂಎಲ್. ಅದು ಒಂದು ಕಡೆ, ಬಾಕಿ ಉಳಿದಿದ್ದ ಲಸಿಕೆಯ ಎರಡನೇ ಡೋಸ್ ಇನ್ನೊಂದು ತೋಳಿಗೆ. ರಾತ್ರಿ ಏಳರ ಹೊತ್ತಿಗೆ ಎರಡೂ ಮುಗಿಯಿತು. ಆರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಸೋಂಕು ಬಂದಿರಲಿಲ್ಲ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಿಬಿಡುತ್ತೇನೆ. ನಾಲ್ಕು ತಿಂಗಳ ಅಂತರ ಬಿದ್ದಿದೆ, ಮೊದಲಿನಿಂದ ಶುರು ಮಾಡಬೇಕು ಅಂತ ಅವತ್ತು ನಮ್ಮಲ್ಲೇ ಒಬ್ಬರು ಹೇಳಿದರು. ಬೇಕಿಲ್ಲ. ಹೆಪಟೈಟಿಸ್ ಬಿ ಲಸಿಕೆ ನಡುವೆ ನಿಂತಿದ್ದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಎರಡನೇ ಡೋಸ್ ಹಾಕಿ ಕನಿಷ್ಠ ಎಂಟು ವಾರ ಬಿಟ್ಟು ಮೂರನೆಯದು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಕನಿಷ್ಠ 16 ವಾರ ಇದ್ದರಾಯಿತು. ಎಷ್ಟೋ ಜನ "ಬಿಟ್ಟುಹೋಯಿತು, ಈಗ ಹೋದರೆ ಬೈಯುತ್ತಾರೆ, ಮತ್ತೆ ಮೂರು ಚುಚ್ಚುತ್ತಾರೆ" ಅಂತ ಹೆದರಿಯೇ ಬರುವುದಿಲ್ಲ. ಇದನ್ನು ಓದುತ್ತಿರುವವರ ಕಾರ್ಡಿನಲ್ಲಿ ಖಾಲಿ ಖಾನೆ ಇದ್ದರೆ ದಯವಿಟ್ಟು ಹೋಗಿ ತುಂಬಿಸಿಕೊಳ್ಳಿ. ಎರಡು ವರ್ಷ ಆಗಿದ್ದರೂ ಪರವಾಗಿಲ್ಲ.

ಆ ಘಟನೆ ಆದ ವಾರವೇ ನಾನು ಒಂದು ಉದ್ದ ನೋಟ್‌ಬುಕ್ ತಂದು ರಿಜಿಸ್ಟರ್ ಮಾಡಿದೆ. ಹೆಸರು, ಕೆಲಸ, ಮೊದಲ ಡೋಸ್, ಒಂದನೇ ತಿಂಗಳು, ಆರನೇ ತಿಂಗಳು, ಟೈಟರ್ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ನೋಡುವ ಪರೀಕ್ಷೆ). ಒಟ್ಟು 19 ಜನ ಗುತ್ತಿಗೆ ಕೆಲಸದವರು. ಎಲ್ಲರನ್ನೂ ಕೂಡಿಸಿ ಫೆಬ್ರವರಿ ಕೊನೆಯಲ್ಲಿ ಶುರು ಮಾಡಿದೆ. ಮಾರ್ಚ್ ಕೊನೆಗೆ ಎರಡನೇ ಡೋಸ್ ಆಯಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ನನಗೆ ಎಷ್ಟು ಹೆಮ್ಮೆ ಅಂದರೆ, ಆ ಪುಟವನ್ನು ಡಾಕ್ಟರಿಗೆ ಒಯ್ದು ತೋರಿಸಿದ್ದೆ.

ಮಾರ್ಚ್ 31ಕ್ಕೆ ಏಜೆನ್ಸಿಯ ಗುತ್ತಿಗೆ ಮುಗಿಯಿತು. ಏಪ್ರಿಲ್‌ನಲ್ಲಿ ಹೊಸ ಏಜೆನ್ಸಿ ಬಂತು. 19 ಜನರಲ್ಲಿ 11 ಜನ ಹೋದರು, ಹೊಸಬರು 11 ಜನ ಬಂದರು. ಆಗಸ್ಟ್ ಕೊನೆಯಲ್ಲಿ ಆರನೇ ತಿಂಗಳ ಡೋಸ್‌ಗೆ ರಿಜಿಸ್ಟರ್ ತೆಗೆದರೆ ಎದುರಿಗಿದ್ದವರು ಎಂಟೇ ಜನ. ಹೋದವರು ಕಾಫಿ ತೋಟಕ್ಕೆ ಹೋದರೋ, ಬೆಂಗಳೂರಿನ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋದರೋ, ಬೇರೆ ಆಸ್ಪತ್ರೆ ಸೇರಿದರೋ ಯಾರಿಗೂ ಗೊತ್ತಿಲ್ಲ. ಫೋನ್ ನಂಬರ್ ಬದಲಾಗಿತ್ತು. ಮೂವರನ್ನು ಸಂತೆಯಲ್ಲಿ ಹುಡುಕಿ ಕರೆತಂದೆ. ಉಳಿದ ಎಂಟು ಸಾಲು ಹಾಗೇ ಉಳಿಯಿತು. ಮುಂದಿನ ವರ್ಷವೂ ಇದೇ ಆಯಿತು. ಒಂದು ತಿಂಗಳ ಖಾನೆ ತುಂಬಿರುತ್ತದೆ, ಆರನೇ ತಿಂಗಳ ಖಾನೆ ಖಾಲಿ ಇರುತ್ತದೆ.

ನಾನು ಹೇಳಬೇಕಾದದ್ದು ಇದೇ. 0-1-6 ತಿಂಗಳು, ಅಂದರೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಅನ್ನುವುದು ಒಳ್ಳೆಯ ಕ್ರಮ. ಅದರಲ್ಲಿ ಎರಡು ಮಾತಿಲ್ಲ. ಮೂರನೇ ಡೋಸ್ ತಡವಾಗಿ ಬೀಳುವುದರಿಂದಲೇ ಪ್ರತಿಕಾಯ ಚೆನ್ನಾಗಿ ಏರುತ್ತದೆ. ಏಳನೇ ತಿಂಗಳಲ್ಲಿ ನೋಡಿದರೆ ಆರೋಗ್ಯವಂತರಲ್ಲಿ ನೂರಕ್ಕೆ 96 ಜನರಿಗೆ ರಕ್ಷಣೆ ಬಂದಿರುತ್ತದೆ. ಆದರೆ ಆ ಕ್ರಮ ಆರು ತಿಂಗಳಾದ ಮೇಲೂ ಅದೇ ಬಾಗಿಲಿಗೆ ಬರುವವರಿಗೆ. ಕಾಯಂ ನೌಕರರಿಗೆ ಸರಿ. ನನ್ನಂಥವಳಿಗೆ ಸರಿ. ಐದನೇ ತಿಂಗಳಿಗೆ ಗುತ್ತಿಗೆ ಮುಗಿಯುವವರಿಗೆ ಅದು ಕಾರ್ಡಿನ ಮೇಲೆ ಮಾತ್ರ ಇರುತ್ತದೆ.

ಇನ್ನೊಂದು ಕ್ರಮ ಇದೆ. 0-1-2 ತಿಂಗಳು, ಆಮೇಲೆ 12ನೇ ತಿಂಗಳಿಗೆ ಒಂದು ಬೂಸ್ಟರ್. ಒಟ್ಟು ನಾಲ್ಕು. ಇದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಲಸಿಕೆ ಡಬ್ಬಿಯೊಳಗಿನ ಮಾಹಿತಿ ಪತ್ರದಲ್ಲೇ ಬರೆದಿರುತ್ತಾರೆ. ಆ ಸಣ್ಣಕ್ಷರದ ಕಾಗದವನ್ನು ನಾವು ಯಾರೂ ಬಿಡಿಸಿ ಓದುವುದಿಲ್ಲ ಅಷ್ಟೇ. ಈ ಕ್ರಮದಲ್ಲಿ ಮೂರನೇ ತಿಂಗಳಿಗೇ ನೂರಕ್ಕೆ 89 ಜನರಿಗೆ ರಕ್ಷಣೆ ಬಂದಿರುತ್ತದೆ. 12ನೇ ತಿಂಗಳ ಬೂಸ್ಟರ್ ಆದ ಮೇಲೆ ಅದು ಸುಮಾರು 96ಕ್ಕೆ ಏರುತ್ತದೆ. ಈಗ ನನ್ನ ರಿಜಿಸ್ಟರ್ ಪಕ್ಕ ಇಟ್ಟು ನೋಡಿ. 0-1-6 ಹಿಡಿದು ಎರಡೇ ಡೋಸ್‌ಗೆ ಹೊರಟುಹೋದವರಲ್ಲಿ ರಕ್ಷಣೆ ಇರುವುದು ಸುಮಾರು ನೂರಕ್ಕೆ 75 ಜನರಿಗೆ, ಅದೂ ನಲವತ್ತರೊಳಗಿನ ಆರೋಗ್ಯವಂತರಾದರೆ. ಒಂದೇ ಡೋಸ್ ಆದವರಲ್ಲಿ 30ರಿಂದ 55. ಅಕ್ಕ ಇದ್ದದ್ದು ಈ ಕೊನೆಯ ಗುಂಪಿನಲ್ಲಿ.

0-1-2ರಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಮೂರೂ ಡೋಸ್ ಹತ್ತಿರಹತ್ತಿರ ಬೀಳುವುದರಿಂದ ಪ್ರತಿಕಾಯದ ಮಟ್ಟ 0-1-6ರಷ್ಟು ಎತ್ತರಕ್ಕೆ ಹೋಗುವುದಿಲ್ಲ. ಅದಕ್ಕೇ 12ನೇ ತಿಂಗಳಿಗೆ ಆ ಒಂದು ಬೂಸ್ಟರ್ ಬೇಕೇ ಬೇಕು. ಆ ಬೂಸ್ಟರ್ ಕೂಡ ತಪ್ಪಿಹೋಗಬಹುದಲ್ವಾ ಅಂತ ಡಾಕ್ಟರ್ ಒಬ್ಬರು ನನ್ನನ್ನು ಕೇಳಿದ್ದರು. ಹೋಗಬಹುದು. ಆದರೂ ಆಸ್ಪತ್ರೆಯಲ್ಲಿ ಸೂಜಿಗಳ ನಡುವೆ ಕೆಲಸ ಮಾಡುವ ಆ ತಿಂಗಳುಗಳಲ್ಲಿ ಆಕೆಗೆ ಮೂರು ಡೋಸ್ ಆಗಿರುತ್ತದೆ. ಹೊಸ ಕೆಲಸದವರು ಜಾಸ್ತಿ ಚುಚ್ಚಿಸಿಕೊಳ್ಳುವುದು ಶುರುವಿನ ತಿಂಗಳುಗಳಲ್ಲೇ. ಇದು ಯಾವ ಪುಸ್ತಕದ್ದೂ ಅಲ್ಲ, ನಾನು ಕಣ್ಣಾರೆ ಕಂಡದ್ದು. ಯಾವ ಬಣ್ಣದ ಚೀಲಕ್ಕೆ ಏನು ಅಂತ ಕೈಗೆ ಪಳಗಿರುವುದಿಲ್ಲ. ನಾನು 2019ರಿಂದ ಡಾಕ್ಟರ ಒಪ್ಪಿಗೆ ಪಡೆದು ಹೊಸದಾಗಿ ಸೇರುವ ಗುತ್ತಿಗೆ ಕೆಲಸದವರಿಗೆ ಈ ಕ್ರಮವನ್ನೇ ಹಿಡಿದೆ. ನಾನು ನಿವೃತ್ತಳಾಗುವವರೆಗೂ ಮೂರನೇ ಖಾನೆ ಖಾಲಿ ಬಿದ್ದದ್ದು ಬಹಳ ಕಡಿಮೆ.

ಇದಕ್ಕಿಂತ ಅವಸರದ್ದೂ ಇದೆ. 0, 7 ಮತ್ತು 21ನೇ ದಿನ, ಆಮೇಲೆ 12ನೇ ತಿಂಗಳಿಗೆ ಬೂಸ್ಟರ್. 18 ದಾಟಿದವರಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಜೈಲಿಗೆ ಬಂದವರಿಗೆ ಹೀಗೆ ಹಾಕುತ್ತಾರೆ, ಯಾಕಂದರೆ ಅವರು ಯಾವಾಗ ಬಿಡುಗಡೆಯಾಗುತ್ತಾರೋ ಗೊತ್ತಿರುವುದಿಲ್ಲ. 28ನೇ ದಿನಕ್ಕೆ ನೂರಕ್ಕೆ 65, ಎರಡನೇ ತಿಂಗಳಿಗೆ 76 ಜನರಿಗೆ ರಕ್ಷಣೆ. ಬೂಸ್ಟರ್ ಆದರೆ 98 ದಾಟುತ್ತದೆ. ನಮ್ಮ ಬೀದಿಯ ಹುಡುಗಿ ನರ್ಸಿಂಗ್ ಮುಗಿಸಿ ಗಲ್ಫ್‌ಗೆ ಹೊರಟಾಗ ವಿಮಾನಕ್ಕೆ ಐದೇ ವಾರ ಉಳಿದಿತ್ತು. ಅವಳಿಗೆ ಈ ಕ್ರಮದಲ್ಲೇ ಹಾಕಿಸಿದ್ದು. 12ನೇ ತಿಂಗಳದ್ದನ್ನು ಅಲ್ಲೇ ಹಾಕಿಸಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಕಾರ್ಡಿನ ಫೋಟೊ ಕಳಿಸಿದಳು. ಅಂಥ ತುರ್ತು ಇದ್ದವರಿಗೆ ಇದು ಸರಿ, ಎಲ್ಲರಿಗೂ ಬೇಕಿಲ್ಲ. ಅಮೆರಿಕದಲ್ಲಿ 2017ರಿಂದ ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸ್‌ಗೆ ಮುಗಿಯುವ ಲಸಿಕೆಯೂ ಇದೆ. ಜನ ಎರಡು ಮೂರು ಸಲ ಬರಲಾರರು ಅನ್ನುವ ಕಷ್ಟ ನಮ್ಮದೊಂದೇ ಅಲ್ಲ.

ಡಯಾಲಿಸಿಸ್‌ನವರ ಲೆಕ್ಕವೇ ಬೇರೆ. ಇದು ನನ್ನ ಮನೆಯದೇ ನೋವು. ನನ್ನ ಭಾವನವರಿಗೆ ಶುಗರ್‌ನಿಂದ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರಿಗೆ ಲಸಿಕೆ ಆಗಿದೆ ಅಂತ ಫೈಲಿನಲ್ಲಿ ಬರೆದಿತ್ತು. ಎಷ್ಟು ಡೋಸ್, ಎಷ್ಟು ಪ್ರಮಾಣ ಅಂತ ಕೇಳಿದೆ. ಒಂದೊಂದು ಎಂಎಲ್‌ನಂತೆ ಮೂರು. ಅಂದರೆ ಸಾಮಾನ್ಯರಿಗೆ ಕೊಡುವ 20 ಮೈಕ್ರೋಗ್ರಾಂ. ಕಿಡ್ನಿ ಕೈಕೊಟ್ಟವರ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದಕ್ಕೇ ಅವರಿಗೆ ಎರಡರಷ್ಟು, ಅಂದರೆ 40 ಮೈಕ್ರೋಗ್ರಾಂ, 0-1-2-6 ತಿಂಗಳಿಗೆ ಒಟ್ಟು ನಾಲ್ಕು ಸಲ ಕೊಡಬೇಕು. ಟೈಟರ್ ಮಾಡಿಸಿದೆ. 6 ಬಂತು. ಕನಿಷ್ಠ 10 ಇರಬೇಕು. ವಾರಕ್ಕೆ ಎರಡು ದಿನ ರಕ್ತ ಮೈಯಿಂದ ಹೊರಗೆ ಹೋಗಿ ಒಳಗೆ ಬರುವ ಮನುಷ್ಯ, ರಕ್ಷಣೆ ಇದೆ ಅಂದುಕೊಂಡು ಒಂದೂವರೆ ವರ್ಷ ಆ ಕುರ್ಚಿಯಲ್ಲಿ ಕುಳಿತಿದ್ದರು.

ಆ ಕೇಂದ್ರದವರು ಕೆಟ್ಟವರಲ್ಲ. ಟೆಕ್ನಿಷಿಯನ್ ಹುಡುಗ ತುಂಬಾ ಒಳ್ಳೆಯವನು. ಅವನಿಗೆ ಯಾರೂ ಹೇಳಿರಲಿಲ್ಲ, ಗೋಡೆ ಮೇಲೂ ಬರೆದಿರಲಿಲ್ಲ. ಮತ್ತೆ ದುಪ್ಪಟ್ಟು ಪ್ರಮಾಣದಲ್ಲಿ ನಾಲ್ಕೂ ಹಾಕಿಸಿದೆವು. ಆಮೇಲೆ ಟೈಟರ್ 41 ಬಂತು. ಇವರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ನೋಡಬೇಕು, 10ರ ಕೆಳಗೆ ಇಳಿದರೆ ಬೂಸ್ಟರ್ ಕೊಡಬೇಕು. ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾದ ದಿನವೇ, ಡಯಾಲಿಸಿಸ್ ಹಂತಕ್ಕೆ ಹೋಗುವ ಮೊದಲೇ, ಲಸಿಕೆ ಶುರು ಮಾಡಿದರೆ ಮೈ ಚೆನ್ನಾಗಿ ಹಿಡಿಯುತ್ತದೆ. ಈಗ ತಾಲ್ಲೂಕು ತಾಲ್ಲೂಕಿನಲ್ಲೂ ಡಯಾಲಿಸಿಸ್ ಯಂತ್ರ ಬಂದಿದೆ. ದೊಡ್ಡ ಉಪಕಾರ ಅದು. ಪ್ರತಿ ಕೇಂದ್ರದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ "40, 0-1-2-6" ಅಂತ ಬರೆದು ಅಂಟಿಸಿದರೆ ಎಷ್ಟೋ ಜನರಿಗೆ ಸಹಾಯ ಆಗುತ್ತದೆ. ಮನೆಯವರು ಕೂಡ ಧೈರ್ಯವಾಗಿ ಕೇಳಿ: ಎಷ್ಟು ಎಂಎಲ್ ಹಾಕಿದಿರಿ?

ಟೈಟರ್ ಬಗ್ಗೆ ನನ್ನದೇ ಅನುಭವ ಬರೆಯುತ್ತೇನೆ. ಅಕ್ಕನ ಘಟನೆ ಆದ ಮೇಲೆ ನನ್ನದನ್ನೂ ಮಾಡಿಸಿದೆ. ನನಗಾಗ 54 ವರ್ಷ. ಮೂರು ಡೋಸ್ ಆಗಿ 18 ವರ್ಷವಾಗಿತ್ತು. ಟೈಟರ್ 10ಕ್ಕಿಂತ ಕಡಿಮೆ ಬಂತು. ವರ್ಷಗಳು ಕಳೆದಂತೆ ಪ್ರತಿಕಾಯ ಇಳಿಯುವುದು ಸಹಜ. ಒಮ್ಮೆ ಸರಿಯಾಗಿ ಬಂದಿದ್ದರೆ ಮೈಗೆ ನೆನಪು ಇರುತ್ತದೆ, ವೈರಸ್ ಬಂದಾಗ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ನನಗೆ ಒಮ್ಮೆಯಾದರೂ ಬಂದಿತ್ತಾ? 1999ರಲ್ಲಿ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಆರೋಗ್ಯವಂತ ದೊಡ್ಡವರಲ್ಲೂ ನೂರಕ್ಕೆ 5ರಿಂದ 10 ಜನರಿಗೆ ಮೂರು ಡೋಸ್ ಆದರೂ ಲಸಿಕೆ ಹಿಡಿಯುವುದಿಲ್ಲ. ನಲವತ್ತು ದಾಟಿದವರು, ದಪ್ಪ ಇರುವವರು, ಸಿಗರೇಟು ಸೇದುವವರು, ಶುಗರ್ ಇರುವವರಲ್ಲಿ ಇದು ಇನ್ನೂ ಜಾಸ್ತಿ. ಒಂದು ಡೋಸ್ ಹಾಕಿಸಿಕೊಂಡು ತಿಂಗಳು ಬಿಟ್ಟು ಮತ್ತೆ ನೋಡಿದೆವು. 7. ಅಂದರೆ ನನಗೆ ಲಸಿಕೆ ಹಿಡಿದೇ ಇರಲಿಲ್ಲ ಅಂತಲೇ ಲೆಕ್ಕ. ಅಷ್ಟು ವರ್ಷ ಹೆರಿಗೆ ಕೋಣೆಯಲ್ಲಿ, ಡ್ರೆಸ್ಸಿಂಗ್ ಟೇಬಲ್ ಹತ್ತಿರ, ರಕ್ತದಲ್ಲೇ ಕೈ ಇಟ್ಟುಕೊಂಡು, ನನಗೇನೂ ಆಗಲ್ಲ ಅನ್ನುವ ನಂಬಿಕೆಯಲ್ಲಿದ್ದೆ. ಆ ರಿಪೋರ್ಟ್ ಹಿಡಿದು ಲ್ಯಾಬಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕುಳಿತಿದ್ದೆ. ಆಮೇಲೆ ಇನ್ನೆರಡು ಡೋಸ್ ಹಾಕಿಸಿಕೊಂಡೆ. ಕೊನೆಗೆ 64 ಬಂತು.

ಹಾಗಾಗಿ ಯಾವ ಕ್ರಮವೇ ಇರಲಿ, ಅಪಾಯದ ಕೆಲಸದಲ್ಲಿ ಇರುವವರಿಗೆ ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ಟೈಟರ್ ಮಾಡಿಸಲೇಬೇಕು. ವರ್ಷಗಳ ಮೇಲೆ ಮಾಡಿಸಿದರೆ ನನ್ನ ಹಾಗೆ ಇಳಿದದ್ದೋ, ಬಂದೇ ಇರಲಿಲ್ಲವೋ ಅಂತ ಗೊತ್ತಾಗದೆ ಮತ್ತೆ ಚುಚ್ಚಿಸಿಕೊಂಡು ನೋಡಬೇಕಾಗುತ್ತದೆ. ಎಲ್ಲ ಜನಸಾಮಾನ್ಯರಿಗೂ ಈ ಪರೀಕ್ಷೆ ಬೇಕಿಲ್ಲ. ನರ್ಸ್, ಲ್ಯಾಬ್‌ನವರು, ಸ್ವಚ್ಛತಾ ಸಿಬ್ಬಂದಿ, ಡಯಾಲಿಸಿಸ್‌ನವರು, ಎಚ್‌ಐವಿ ಇರುವವರು, ಸೋಂಕಿತರ ಗಂಡ ಅಥವಾ ಹೆಂಡತಿ, ಸೋಂಕಿತ ತಾಯಿಯ ಮಗು, ಇವರಿಗೆ ಬೇಕು.

ಶಿಬಿರದಲ್ಲಿ ಇನ್ನೊಂದು ಕೆಲಸವೂ ಆಗಬೇಕು. ಮೊದಲ ಡೋಸ್ ಹಾಕುವ ದಿನವೇ ಎಚ್‌ಬಿಎಸ್‌ಎಜಿ ಪರೀಕ್ಷೆಗೆ ರಕ್ತ ತೆಗೆಯಬೇಕು. ರಿಪೋರ್ಟ್ ಬರಲಿ ಆಮೇಲೆ ಹಾಕೋಣ ಅಂತ ವಾಪಸ್ ಕಳಿಸಬಾರದು, ಹೋದವರು ಬರುವುದಿಲ್ಲ. ಸೋಂಕು ಮೊದಲೇ ಇದ್ದವರಿಗೆ ಲಸಿಕೆಯಿಂದ ತೊಂದರೆ ಆಗುವುದಿಲ್ಲ, ಆದರೆ ಉಪಯೋಗವೂ ಇಲ್ಲ. ಅವರಿಗೆ ಬೇಕಿರುವುದು ಡಾಕ್ಟರ ತಪಾಸಣೆ, ಅಗತ್ಯವಿದ್ದರೆ ಚಿಕಿತ್ಸೆ. 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ನಡೆಯುತ್ತಿದೆ. ಅದರಲ್ಲಿ ಪರೀಕ್ಷೆ, ಮಾತ್ರೆ ಎಲ್ಲ ಉಚಿತ. ಪಾಸಿಟಿವ್ ಬಂದವರನ್ನು ಕೆಲಸದಿಂದ ತೆಗೆಯುವ ಮಾತು ಯಾರೂ ಆಡಬಾರದು. ಒಬ್ಬರನ್ನು ತೆಗೆದರೆ ಉಳಿದವರು ಯಾರೂ ತೋಳು ಕೊಡುವುದಿಲ್ಲ.

ಇದೆಲ್ಲ ಯಾರ ಕರುಣೆಯೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಈ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆ ನಡೆಸುವವರ ಕರ್ತವ್ಯ. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆಯೂ ಆಗಬೇಕು. ಗುತ್ತಿಗೆಯವರು, ಕಾಯಂನವರು ಅನ್ನುವ ಭೇದ ಅದರಲ್ಲಿ ಇಲ್ಲ. ನನ್ನ ಕೋರಿಕೆ ಇಷ್ಟು. ಟೆಂಡರ್ ಕರೆಯುವಾಗಲೇ ಇದನ್ನು ಬರೆಯಿರಿ. ಮೊದಲ ಡೋಸ್ ಆಗದವರನ್ನು ಕಸದ ಕೆಲಸಕ್ಕೆ ಇಳಿಸಬೇಡಿ. ಏಜೆನ್ಸಿ ಬದಲಾದರೂ ರಿಜಿಸ್ಟರ್ ಆಸ್ಪತ್ರೆಯಲ್ಲೇ ಉಳಿಯಲಿ, ಕಾರ್ಡ್ ಮಾತ್ರ ಕೆಲಸದವರ ಜೊತೆ ಹೋಗಲಿ. ಮುಂದಿನ ತಾರೀಖುಗಳನ್ನು ಮೊದಲ ದಿನವೇ ಕಾರ್ಡಿನಲ್ಲಿ ಬರೆದು, ಓದಲು ಬಾರದವರಿಗೆ ಹಬ್ಬದ ಲೆಕ್ಕದಲ್ಲಿ ಹೇಳಿ. ಗಣೇಶ ಚೌತಿ ಆದ ಮಾರನೇ ವಾರ, ದೀಪಾವಳಿಗೆ ಮುಂಚೆ ಅಂತ ಹೇಳಿದರೆ ಮರೆಯುವುದಿಲ್ಲ. ನಾನು ಹಾಗೇ ಹೇಳುತ್ತಿದ್ದೆ, ಬರುತ್ತಿದ್ದರು.

ಅಕ್ಕ ಈಗ ಕೆಲಸ ಬಿಟ್ಟಿದ್ದಾರೆ. ಅವರ ಮಗಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದಾಳೆ. ಕಳೆದ ತಿಂಗಳು ಸಂತೆಯಲ್ಲಿ ಸಿಕ್ಕಿದಾಗ ಮಗಳ ಕಾರ್ಡ್ ತೋರಿಸಿದರು. ಮೂರೂ ಖಾನೆ ತುಂಬಿತ್ತು. ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಟೈಟರ್ ಕೂಡ ಬರೆದಿದ್ದರು.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಆ ಶಿಬಿರದ ಮೊದಲ ದಿನಕ್ಕೆ ನಿಮ್ಮ ಫೋಟೊಗ್ರಾಫರ್ ಹೋಗಿದ್ದರು. ಕೊನೆಯ ಡೋಸ್ ದಿನವೂ ಅವರನ್ನು ಕಳಿಸಿ. ಮುಖ ತಿರುಗಿಸಿ ಕುಳಿತಿದ್ದ ಆ ಹೆಣ್ಣುಮಗಳು ಬಂದಿದ್ದಾಳಾ ನೋಡಿ. ಬಂದಿದ್ದರೆ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಅವಳ ಫೋಟೊ ಹಾಕಿ. ಕಾರ್ಡುಗಳಲ್ಲಿ ತಾರೀಖು ಬರೆಯಲು ಕೈ ಬೇಕಿದ್ದರೆ ನಾನು ಬರುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

— ನಿವೃತ್ತ ಶುಶ್ರೂಷಕಿ, ಶಿವಮೊಗ್ಗ ಜಿಲ್ಲೆ